ಕಂಡ ಕಾಲುಗಳ ಲೆಕ್ಕ

೬ ಏಪ್ರಿಲ್ ೧೯೩೮, ಜಗಳೂರು

ಸೂಳೆಕೆರೆಯ ಕಡೆ ಮಲೇರಿಯ ನೋಡುವ ಕೆಲಸ ನನ್ನ ಜೊತೆಗೇ ಆರೋಗ್ಯ ಇಲಾಖೆ ಸೇರಿದ ರೇವಣ್ಣನಿಗೆ ಸಿಕ್ಕಿತು. ಕೆರೆಯ ಗಾಳಿ, ಬಸವಾಪಟ್ಟಣದ ಅಕ್ಕನ ಮನೆಯ ಊಟ, ಎಲ್ಲ ಅವನ ಪಾಲಿಗೆ. ನನ್ನ ಪಾಲಿಗೆ ಜಗಳೂರಿನ ಬಿಸಿಲು ಮತ್ತು ನಾರು ಹುಣ್ಣು. ಹಣೆಬರಹ.

ಕೈಪಿಡಿಯನ್ನು ಎರಡು ಸಲ ಓದಿದೆ. ಕುಡಿಯುವ ನೀರಿನ ಜೊತೆ ನಾರಿನ ಹುಳು ಹೊಟ್ಟೆಗೆ ಹೋಗುತ್ತದೆ. ಸುಮಾರು ಒಂದು ವರ್ಷ ಒಳಗೇ ಬೆಳೆದು, ಕಾಲಿನಲ್ಲಿ ಗುಳ್ಳೆ ಎಬ್ಬಿಸಿ, ಬಿಳಿಯ ದಾರದ ಹಾಗೆ ಮೊಳದುದ್ದ ಹೊರಗೆ ಬರುತ್ತದೆ. ಆ ಕಾಲಿನಲ್ಲಿ ನೀರಿಗೆ ಇಳಿದರೆ ಆ ನೀರೂ ಕೆಡುತ್ತದೆ. ನನ್ನ ಕೆಲಸ ಇಷ್ಟೆ: ಬನ್ನಿಹಟ್ಟಿ ಎಂಬ ಊರಿಗೆ ಹೋಗಿ ನಾರು ಇರುವವರನ್ನು ಎಣಿಸಬೇಕು, ಕೆಟ್ಟ ನೀರು ಯಾವುದೆಂದು ಪತ್ತೆ ಮಾಡಬೇಕು, ಅದನ್ನು ಮುಚ್ಚಿಸಲು ಬರೆಯಬೇಕು. ಅಚ್ಚಾದ ನಮೂನೆ ಕೊಟ್ಟಿದ್ದಾರೆ. ಹೆಸರು, ವಯಸ್ಸು, ಜಾತಿ, ಕಸುಬು, ಯಾವ ನೀರು. ಕಟ್ಟಕಡೆಗೆ ‘ಕಾರಣ’ ಎಂಬ ಕಲಂ, ಎರಡು ಬೆರಳು ಅಗಲ.

ಕೆಲಸ ಅಚ್ಚುಕಟ್ಟಾಗಿದ್ದರೆ ಬರುವ ವರ್ಷ ಖಾಯಂ ಮಾಡುತ್ತೇವೆ ಎಂದರು ಸಾಹೇಬರು. ಇಪ್ಪತ್ತನಾಲ್ಕು ವರ್ಷದವನಿಗೆ ಇದಕ್ಕಿಂತ ಏನು ಬೇಕು? ನ್ಯಾಮತಿಯಿಂದ ಹೊರಡುವಾಗ ಅವ್ವ ತನ್ನ ಹಳೆಯ ಸೀರೆಯಿಂದ ಒಂದು ತುಂಡು ಹರಿದು ಕೊಟ್ಟಿದ್ದಾಳೆ. “ಮುರುಗೇಶಿ, ಕಂಡಕಂಡಲ್ಲಿ ನೀರು ಕುಡೀಬ್ಯಾಡ. ಕುಡಿಯಾಕೇ ಬೇಕಂದ್ರೆ ಇದ್ರಾಗೆ ಸೋಸಿಕೊಂಡು ಕುಡಿ” ಎಂದಳು. ಕೈಪಿಡಿಯಲ್ಲಿರುವುದೂ ಅದೇ.

೯ ಏಪ್ರಿಲ್, ಬನ್ನಿಹಟ್ಟಿ

ಗಾಡಿಯಲ್ಲಿ ಕೂತು ಸೊಂಟ ಹೋಯಿತು. ಊರ ಬಾಗಿಲಲ್ಲೇ ತಳವಾರ ಅಂಜಿನಪ್ಪ ಕಾದಿದ್ದು, ಊರಗೌಡರಾದ ಹಾಲೇಶಪ್ಪನವರ ಮನೆಗೆ ಕರೆದೊಯ್ದ. ಪಡಸಾಲೆಯಲ್ಲಿ ಕಂಬಳಿ ಹಾಸಿದ್ದರು. ಕೂರುತ್ತಲೇ ತಟ್ಟೆಯಲ್ಲಿ ಬೆಲ್ಲ, ಹಿತ್ತಾಳೆ ಚೊಂಬಿನಲ್ಲಿ ನೀರು ಬಂತು. ಒಳಬಾಗಿಲ ಮರೆಯಿಂದ ಒಂದು ಕೈ ಚೊಂಬನ್ನು ಹೊಸಿಲ ಮೇಲಿಟ್ಟು ಹಿಂದೆ ಸರಿಯಿತು. ಗೌಡರ ಸೊಸೆಯಂತೆ.

ಚೀಲದಲ್ಲಿದ್ದ ಅವ್ವನ ಬಟ್ಟೆಗೆ ಕೈ ಹಾಕಿದೆ. ಹಾಕಿದ ಕೈ ಹಾಗೇ ಹಿಂದಕ್ಕೆ ತೆಗೆದೆ. ಊರಿನ ಹಿರಿಯರು ನಾಲ್ಕು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ದೊಡ್ಡ ಮನೆಯ ನೀರನ್ನು ಅವರ ಎದುರಿಗೇ ಸೋಸಿ ಕುಡಿಯುವುದುಂಟೆ? ಹೆಣ್ಣು ನೋಡಲು ಹೋಗಿ ಹಲ್ಲು ಎಣಿಸಿದ ಹಾಗಾಗುತ್ತದೆ. ಚೊಂಬು ಪೂರ್ತಿ ಕುಡಿದೆ. ಬಾಯಾರಿಕೆಯೂ ಹಾಗಿತ್ತು.

“ನೀವು ಬರ್ತೀರಂತ ಬೆಳಿಗ್ಗೇನೆ ಬಾವಿಗೆ ಸುಣ್ಣ ಹಾಕ್ಸೀನ್ರಿ” ಎಂದರು ಗೌಡರು. “ಇದು ಅದಕ್ಕೂ ಮುಂಚೆ ತುಂಬಿಸಿಟ್ಟಿದ್ದು. ಮನೆಗೆ ಬಂದೋರಿಗೆ ಸುಣ್ಣದ ನೀರು ಕುಡಿಸ್ತೀವೇನ್ರಿ?” ಒಳ್ಳೆಯ ಮನುಷ್ಯ.

ಬಾವಿ ನೋಡಿದೆ. ಮೆಟ್ಟಿಲು ಬಾವಿ. ಊರೊಳಗಿನ ಹೆಂಗಸರು ಮೆಟ್ಟಿಲಿಳಿದು ಮೊಣಕಾಲು ನೀರಿನಲ್ಲಿ ನಿಂತು ಕೊಡ ಮುಳುಗಿಸುತ್ತಾರೆ. ಮೆಟ್ಟಿಲು ಬಾವಿಯೇ ನಾರಿನ ತವರು ಎನ್ನುತ್ತದೆ ಕೈಪಿಡಿ. ಆದರೆ ನನ್ನ ಗಾಜಿನ ಜಾಡಿಯಲ್ಲಿ ನೀರು ತುಂಬಿ ಬಿಸಿಲಿಗೆ ಹಿಡಿದರೆ, ಹುಳುವಿನ ಮರಿ ಹೊತ್ತು ತೇಲುವ ನೀರುಚಿಗಟದ ಒಂದು ಚುಕ್ಕೆಯೂ ಇಲ್ಲ.

೧೦ ಏಪ್ರಿಲ್

ಊರೊಳಗಿನ ನಲವತ್ತು ಮನೆ ಸುತ್ತಿದೆ. ನಾರು ಇದ್ದವರು ಇಬ್ಬರೇ, ಇಬ್ಬರೂ ಮುದುಕರು. “ನಮ್ಮ ಕಡೆ ಆ ರೋಗ ಇಲ್ರಿ” ಎಂದು ಮನೆಮನೆಯಲ್ಲೂ ಒಂದೇ ಮಾತು. ಆರು ಮನೆಗಳಲ್ಲಿ ಪ್ರಾಯದ ಮಕ್ಕಳೇ ಇಲ್ಲ, ನೆಂಟರ ಊರಿಗೆ ಹೋಗಿದ್ದಾರಂತೆ. ಈ ಊರಿನವರಿಗೆ ನೆಂಟರ ಚಟ ಬಹಳ. ಹೆಂಗಸರ ವಿಷಯ ಗಂಡಸರೇ ಹೇಳಿದರು. ನಾನಾಗಿ ಕೇಳುವುದು ಮರ್ಯಾದೆಯಲ್ಲ.

ಗೌಡರ ಮನೆಯ ಒಳಗಿನ ಕಲ್ಲುಹಾಸಿನ ಮೇಲೆ ಕಾಲುಂಗುರದ ಸದ್ದು ಕೇಳುತ್ತಿರುತ್ತದೆ. ಒಂದು ಹೆಜ್ಜೆ ಕೇಳುತ್ತದೆ, ಇನ್ನೊಂದು ಕೇಳುವುದಿಲ್ಲ. ನಿದ್ದೆ ಬಾರದ ಮಧ್ಯಾಹ್ನ ಇಂಥವೆಲ್ಲ ಕಿವಿಗೆ ಬೀಳುತ್ತವೆ.

೧೧ ಏಪ್ರಿಲ್

ಊರಾಚೆಯ ಕೇರಿಗೆ ಹೋದೆ. ಅಂಜಿನಪ್ಪ ದೂರದಲ್ಲೇ ನಿಂತ, ನಾನು ಬೇವಿನ ಮರದವರೆಗೆ ಹೋದೆ. ಕೆಲಸ ಕೆಲಸವೇ.

ಇಲ್ಲಿ ಹುಡುಕುವ ಕಷ್ಟವೇ ಇಲ್ಲ. ಎಲ್ಲರ ಸೀರೆ, ಪಂಚೆ ಮೊಣಕಾಲಿಗಿಂತ ಮೇಲೆ. ಮರದ ಕೆಳಗೆ ಒಬ್ಬ ಮುದುಕಿ ಕಾಲು ಚಾಚಿ ಕೂತಿದ್ದಳು. ಹೆಸರು ದುರುಗಮ್ಮ. ಪಾದದ ಹರಡಿನ ಮೇಲಿನ ಹುಣ್ಣಿನಿಂದ ಬಿಳಿಯ ಎಳೆ ಹೊರಬಂದಿತ್ತು, ಅದನ್ನು ಬಿದಿರಿನ ಸೀಳಿಗೆ ಸುತ್ತುತ್ತಿದ್ದಳು.

“ದಿನಕ್ಕೆ ಎರಡು ಸುತ್ತು ಸುತ್ತಬೇಕು ಸ್ವಾಮಿ. ಆತುರ ಮಾಡಿ ಎಳೆದ್ರೆ ಒಳಗೇ ಹರೀತೈತೆ. ಹರಿದ್ರೆ ಕಾಲು ಹೋದಂಗೆ.”

“ಯಾವ ನೀರು ನಿಮ್ಮದು?” ಎಂದು ನಮೂನೆಯಂತೆ ಕೇಳಿದೆ.

“ಒರತೆ ನೀರು. ಹಳ್ಳದ ಮರಳಾಗೆ ತೋಡ್ಕೊಂಡೀವಿ. ನಮ್ದು ಒರತೆ.”

ಕೇರಿಯಲ್ಲಿ ಎಲ್ಲರದೂ ಅದೇ ಉತ್ತರ. ದುರುಗಮ್ಮ ಮಡಕೆಯಲ್ಲಿ ನೀರು ತಂದು ಇಟ್ಟು, “ಬಿಸಿಲಾಗೆ ಬಂದೀರಿ, ಕುಡೀರಿ ಅನ್ನಾಕೆ ನಮಗೆ ಬಾಯಿಲ್ಲ” ಎಂದಳು. ಬಾಯಾರಿಕೆ ಇಲ್ಲ ಎಂದೆ. ತುಟಿ ಒಡೆದು ನಾಲಗೆ ಅಂಟುತ್ತಿತ್ತು.

೧೨ ಏಪ್ರಿಲ್

ಊರೊಳಗೆ ಇಬ್ಬರು. ಕೇರಿಯ ಹದಿನೆಂಟು ಗುಡಿಸಲಲ್ಲಿ ಇಪ್ಪತ್ತಮೂರು.

ಒರತೆಯ ನೀರನ್ನು ಜಾಡಿಯಲ್ಲಿ ಮೂರು ಸಲ ನೋಡಿದೆ. ಅದರಲ್ಲೂ ಏನೂ ಇಲ್ಲ. ಮರಳಿನಲ್ಲಿ ಜಿನುಗಿದ ನೀರು, ಕಣ್ಣೀರಿನ ಹಾಗೆ ತಿಳಿ. ಒರತೆಗೆ ಯಾರೂ ಇಳಿಯುವುದೂ ಇಲ್ಲ, ದಡದಲ್ಲಿ ಕೂತು ಸೋರೆಬುರುಡೆಯಲ್ಲಿ ತುಂಬುತ್ತಾರೆ. ಎರಡೂ ನೀರು ಒಳ್ಳೆಯದಾದರೆ ಇಷ್ಟು ಕಾಲುಗಳಲ್ಲಿ ಹುಳು ಆಕಾಶದಿಂದ ಬಿತ್ತೆ? ಕೈಪಿಡಿಯನ್ನು ಮತ್ತೆ ಓದಿದೆ. ನನಗೆ ಅರ್ಥವಾಗದ್ದು ಅದಕ್ಕೂ ಗೊತ್ತಿದ್ದ ಹಾಗಿಲ್ಲ.

೧೫ ಏಪ್ರಿಲ್

ಹೊರಡುವ ಮುಂಚೆ ಕೇರಿಗೆ ಹೋದೆ. ದುರುಗಮ್ಮ ನಾರನ್ನು ಎಳೆದುಬಿಟ್ಟಿದ್ದಾಳೆ. ಒಳಗೆ ಹರಿದು ಕಾಲು ಮೊಣಕಾಲಿನವರೆಗೆ ಬಾತು ಕೆಂಪಾಗಿದೆ. ಬೈದೆ. ಎಳೆಯಬಾರದು ಎಂದು ನನಗೆ ಹೇಳಿದವಳೇ ಅವಳು.

“ಗೌಡ್ರ ಹೊಲಕ್ಕೆ ಗೊಬ್ಬರ ಹೊರಾಕೆ ಕರೆ ಬಂತು ಸ್ವಾಮಿ. ಆಗ್ಲೇ ಎಂಟು ದಿನ ಕೂತಿದ್ದೆ. ಇನ್ನೂ ಇಪ್ಪತ್ತು ದಿನ ಕಡ್ಡಿ ಸುತ್ಕೊಂಡು ಕೂತ್ರೆ ಯಾರು ಇಕ್ಕತಾರೆ?”

ಅವಳ ಹೆಸರಿನ ಮುಂದೆ ‘ಕಾರಣ’ದ ಕಲಮಿನಲ್ಲಿ ನೀರು ಎಂದು ಬರೆಯಲೇ, ಗೊಬ್ಬರ ಎಂದು ಬರೆಯಲೇ? ಎರಡು ಬೆರಳು ಜಾಗದಲ್ಲಿ ಏನನ್ನೂ ಬರೆಯದೆ ಬಂದೆ.

೨ ಮೇ, ಜಗಳೂರು

ಸಾಹೇಬರು ಮೊಕ್ಕಾಂ ಬಂದಿದ್ದರು. ನಮೂನೆ ನೋಡಿ, “ಕಾರಣ ಯಾಕೆ ಖಾಲಿ?” ಎಂದರು. ಎರಡೂ ನೀರು ಶುದ್ಧವಾಗಿ ಕಂಡಿತು, ತಿಳಿಯಲಿಲ್ಲ ಎಂದೆ. ನಕ್ಕರು. “ಮುರುಗೇಶಪ್ಪ, ಒಂದು ಕಡೆ ಎರಡು, ಇನ್ನೊಂದು ಕಡೆ ಇಪ್ಪತ್ತಮೂರು. ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕು? ನಿನ್ನ ಜಾಡಿ ತಪ್ಪಬಹುದು, ಅಂಕಿ ತಪ್ಪುತ್ತದೆಯೇ?”

ಓದಿದವರು, ಅನುಭವಸ್ಥರು. ಹೌದೆನಿಸಿತು. ಮನೆಗೆ ಬಂದ ಮೇಲೆ ಅಲ್ಲವೆನಿಸಿತು. ಊಟ ಮಾಡಿದ ಮೇಲೆ ಮತ್ತೆ ಹೌದೆನಿಸಿತು. ಕಡೆಗೆ ಬರೆದೆ: “ಕಾರಣ, ಕೇರಿಯ ಒರತೆ ಮತ್ತು ಅಲ್ಲಿನವರ ಅಶುಚಿ.”

೩ ಮೇ

ವರದಿ ಟಪಾಲಿಗೆ ಹಾಕಿದೆ. ಅವ್ವನಿಗೂ ಒಂದು ಕಾಗದ.

೧೮ ಜನವರಿ ೧೯೩೯

ಎಷ್ಟು ತಿಂಗಳಾಯಿತು ಈ ಪುಸ್ತಕ ತೆಗೆದು. ಪ್ಲೇಗಿನ ಚುಚ್ಚುಮದ್ದು, ಸಂತೆಯ ತಪಾಸಣೆ, ಬರೆಯುವಂಥದ್ದೇನೂ ಇರಲಿಲ್ಲ.

ಇಂದು ಎರಡು ಹುಕುಂ ಒಟ್ಟಿಗೆ ಬಂದವು. ಒಂದು, ನನ್ನನ್ನು ಏಪ್ರಿಲ್‌ನಿಂದ ಖಾಯಂ ಮಾಡುವುದು. ಎರಡು, ಬನ್ನಿಹಟ್ಟಿಯ ಒರತೆಯನ್ನು ಕಲ್ಲುಮಣ್ಣು ತುಂಬಿ ಮುಚ್ಚುವುದು. ಕೇರಿಯವರು ಇನ್ನು ಮೆಟ್ಟಿಲು ಬಾವಿಯ ಮೇಲೆ ನಿಂತು ಊರೊಳಗಿನವರು ಹೊಯ್ದ ನೀರನ್ನು ಒಯ್ಯಬೇಕು. ಏಪ್ರಿಲ್ ನಾಲ್ಕಕ್ಕೆ ಕೆಲಸ. ಕೇರಿಗೆ ಬೇರೆ ಒಳ್ಳೆಯ ನೀರಿದೆ ಎಂದು ಅಂದು ನಾನು ಸರ್ಟಿಫಿಕೇಟು ಬರೆದು ಸಹಿ ಹಾಕಬೇಕು.

ಅವ್ವ ಇಷ್ಟಕ್ಕೆ ಹೆಣ್ಣು ಹುಡುಕಲು ಶುರುಮಾಡುತ್ತಾಳೆ. ಸಂತೋಷ ಪಡಬೇಕಾದ ದಿನ. ಸಂತೋಷಪಟ್ಟೆ ಅಂತಲೇ ಇಟ್ಟುಕೊಳ್ಳೋಣ.

೨ ಮಾರ್ಚ್, ಬನ್ನಿಹಟ್ಟಿ

ಹುಕುಮನ್ನು ಕೇರಿಗೆ ತಿಳಿಸಲು ಹೋದೆ. ದುರುಗಮ್ಮ ಕೋಲೂರಿಕೊಂಡು ಬಂದಳು. ಆ ಕಾಲು ಇನ್ನು ಮಡಚುವುದಿಲ್ಲ.

“ಒರತೆ ಏನು ಮಾಡಿತ್ತು ಸ್ವಾಮಿ?”

“ಅದರಿಂದಲೇ ನಾರು ಬರುತ್ತದೆ. ನೀವೇ ಹೇಳಿದಿರಲ್ಲ, ಒರತೆ ನೀರೇ ಕುಡಿಯುವುದು ಅಂತ.”

“ನೀವು ಯಾವ ನೀರು ನಿಮ್ದು ಅಂದ್ರಿ. ನಮ್ದು ಒರತೆ ಅಂದ್ವಿ. ಬೇಸಿಗ್ಯಾಗೆ ಹೊತ್ತು ಹುಟ್ಟಿದಾಗಿಂದ ಮುಳುಗಾ ಮಟ ಗೌಡ್ರ ಹೊಲದಾಗೇ ಇರ್ತೀವಿ. ಅಲ್ಲಿಗೆ ಬಾವಿ ನೀರು ಬರ್ತೈತೆ. ಬೊಗಸೆ ಒಡ್ಡಿದ್ರೆ ಮೇಲಿಂದ ಹೊಯ್ತಾರೆ. ಅದು ಅವರ ನೀರು. ಅದನ್ನ ನಮ್ದು ಅಂತ ಹೆಂಗೆ ಹೇಳಾನ?”

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಯಾವ ನೀರು ಕುಡಿಯುತ್ತೀರಿ ಎಂದು ಕೇಳಬೇಕಿತ್ತು. ನಿಮ್ಮದು ಯಾವುದು ಎಂದು ಕೇಳಿದೆ. ಅವರು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟರು.

ಆದರೂ ಲೆಕ್ಕ ಬಗೆಹರಿಯುತ್ತಿಲ್ಲ. ಬಾವಿಯೇ ಕೆಟ್ಟಿದ್ದರೆ, ದಿನವೂ ಅದನ್ನೇ ಕುಡಿಯುವ ಊರೊಳಗಿನ ನಲವತ್ತು ಮನೆಯಲ್ಲಿ ಇಬ್ಬರಿಗೇ ಏಕೆ? ಕುಡಿದವರಿಗೆ ಇಲ್ಲದ ರೋಗ ಬೊಗಸೆ ಒಡ್ಡಿದವರಿಗೆ ಬರುತ್ತದೆಯೇ?

೬ ಮಾರ್ಚ್, ಜಗಳೂರು

ಹುಕುಂ ತಡೆಯಬೇಕೆಂದು ಸಾಹೇಬರಿಗೆ ನಾಲ್ಕು ಕಾಗದ ಬರೆದು ನಾಲ್ಕನ್ನೂ ಹರಿದೆ. ಏನೆಂದು ಬರೆಯುವುದು, ನನ್ನ ವರದಿ ತಪ್ಪು ಎಂದೇ? ಖಾಯಂ ಆಗುವ ಹೊತ್ತಿನಲ್ಲಿ? ಸರಿಯೋ ತಪ್ಪೋ ಎಂದೇ ಗೊತ್ತಿಲ್ಲದೆ? ಅತ್ತ ದರಿ, ಇತ್ತ ಪುಲಿ. ರೇವಣ್ಣನ ಕಾಗದ ಬಂದಿದೆ. ಗದ್ದೆ ಕಾಯುತ್ತ ಬಯಲಲ್ಲಿ ಮಲಗುವವರಿಗೇ ಜ್ವರ ಹೆಚ್ಚು, ಇದನ್ನು ಯಾವ ಕಲಮಿನಲ್ಲಿ ಬರೆಯಲಿ ಮಾರಾಯ ಎಂದು ಕೇಳಿದ್ದಾನೆ. ಬಾವಿಗೆ ಬಿದ್ದವನನ್ನು ಕೆರೆಗೆ ಬಿದ್ದವನು ದಾರಿ ಕೇಳಿದ ಹಾಗಿದೆ.

೨೪ ಮಾರ್ಚ್

ಎಡಗಾಲಿನ ಹರಡಿನ ಬಳಿ ಉರಿ. ಹೊಸ ಚಪ್ಪಲಿ ಕಚ್ಚಿರಬೇಕು.

೨೫ ಮಾರ್ಚ್

ಗುಳ್ಳೆ. ಚಪ್ಪಲಿಯದೇ.

೨೭ ಮಾರ್ಚ್

ಚಪ್ಪಲಿಯದಲ್ಲ.

೨೮ ಮಾರ್ಚ್

ಬಿದಿರ ಸೀಳು ನಾನೇ ಮಾಡಿಕೊಂಡೆ. ದಿನಕ್ಕೆ ಎರಡು ಸುತ್ತು. ದುರುಗಮ್ಮ ಹೇಳಿದ್ದು ಸರಿ, ಆತುರ ಮಾಡಬಾರದು. ಆದರೆ ಎಳೆದುಬಿಡಬೇಕು ಅನ್ನಿಸುತ್ತದಲ್ಲ, ಅದನ್ನು ಆಕೆ ಹೇಳಿರಲಿಲ್ಲ. ಹೇಳಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಗೊಬ್ಬರ ಹೊರುವ ಕರೆ ನನಗೆ ಬರುವುದಿಲ್ಲ, ನಾನು ರಜೆಯ ಅರ್ಜಿ ಬರೆದು ಮಲಗಬಹುದು.

ಮಲಗಿಕೊಂಡು ಈ ಪುಸ್ತಕವನ್ನು ಮೊದಲಿನಿಂದ ಓದಿದೆ. ನಾರು ಹೊರಬರಲು ಒಂದು ವರ್ಷ. ಹೋದ ವರ್ಷ ಇದೇ ಹೊತ್ತಿಗೆ ಎಲ್ಲೆಲ್ಲಿ ನೀರು ಕುಡಿದೆ? ಮನೆಯಲ್ಲಿ ಸೋಸಿದ್ದು. ದಾರಿಯಲ್ಲಿ ಸೋಸಿದ್ದು. ಬನ್ನಿಹಟ್ಟಿಯಲ್ಲಿ ಉಳಿದ ದಿನಗಳಲ್ಲೂ ಯಾರೂ ಕಾಣದ ಹಾಗೆ ಸೋಸಿದ್ದು. ಕೇರಿಯಲ್ಲಿ ಕುಡಿಯಲೇ ಇಲ್ಲ. ಸೋಸದೆ ಕುಡಿದದ್ದು ಒಂದೇ ಚೊಂಬು. ಏಪ್ರಿಲ್ ಒಂಬತ್ತು, ಗೌಡರ ಪಡಸಾಲೆ. ಸುಣ್ಣ ಹಾಕುವ ಮುಂಚೆ ತುಂಬಿಸಿಟ್ಟ ನೀರು. ನನ್ನ ಜಾಡಿ ನೋಡಿದ್ದು ಸುಣ್ಣ ಬಿದ್ದು ಹುಳು ಸತ್ತ ಮೇಲಿನ ನೀರು.

ಆ ಒಂದು ಚೊಂಬು ನನಗೆ ಸಾಕಾಯಿತು. ದಿನವೂ ಕುಡಿಯುವವರಿಗೆ ಏನೂ ಇಲ್ಲವೇ? ನೆಂಟರ ಊರಿಗೆ ಹೋದ ಆರು ಮನೆಯ ಮಕ್ಕಳು. ಕಲ್ಲುಹಾಸಿನ ಮೇಲೆ ಕೇಳಿಸದ ಇನ್ನೊಂದು ಹೆಜ್ಜೆ. ಎಲ್ಲ ನನ್ನ ಕೈಯಲ್ಲೇ ಬರೆದದ್ದು. ನಾನು ಎಣಿಸಿದ್ದು ಕಂಡ ಕಾಲುಗಳನ್ನು ಮಾತ್ರ. ಕೇರಿಯವರ ಕಾಲಿಗೆ ಮುಚ್ಚಿಕೊಳ್ಳಲು ಬಟ್ಟೆಯೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ನನಗೆ ನಾಚಿಕೆಯಾಗುತ್ತಿದೆ.

೩ ಏಪ್ರಿಲ್, ಬನ್ನಿಹಟ್ಟಿ

ಸೋಸುವ ಬಟ್ಟೆಯನ್ನೇ ಕಾಲಿಗೆ ಕಟ್ಟಿ ಗಾಡಿ ಹತ್ತಿದೆ. ನಾಳೆ ಒರತೆ ಮುಚ್ಚುವ ದಿನ. ಸರ್ಟಿಫಿಕೇಟು ಬರೆಯದಿದ್ದರೆ ಏಕೆಂದು ಕೇಳುತ್ತಾರೆ, ಸಾಕ್ಷಿಗೆ ನನ್ನೊಬ್ಬನ ಕಾಲು ಸಾಲದು.

ಗೌಡರ ಪಡಸಾಲೆಯಲ್ಲಿ ಬಟ್ಟೆ ಬಿಚ್ಚಿ ತೋರಿಸಿದೆ. ಇದು ನಿಮ್ಮ ಮನೆಯ ಚೊಂಬಿನಿಂದ ಬಂದದ್ದು ಎಂದೆ. ಅವರ ಮುಖ ಕಪ್ಪಾಯಿತು.

“ಬೆಲ್ಲ ನೀರು ಕೊಟ್ಟ ಮನೆಗೇ ಹೆಸರಿಡಾಕೆ ಬಂದ್ರೇನ್ರಿ? ಎಲ್ಲೆಲ್ಲಿ ತಿರುಗಿ ಎಲ್ಲಿ ಕುಡಿದ್ರೋ. ನಾರಿನ ಊರು ಅಂತ ಹೆಸರಾದ್ರೆ ನಮಗೆ ಯಾರು ಹೆಣ್ಣು ಕೊಡ್ತಾರೆ, ಯಾರು ತಗಂತಾರೆ? ನಮ್ಮ ಮನ್ಯಾಗೆ ಆ ರೋಗ ಇಲ್ಲ.”

ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎನ್ನುತ್ತಾರೆ. ನಾನಂತೂ ಕಾಣದ್ದನ್ನು ಹೇಳುತ್ತಿದ್ದೆ. ಬಟ್ಟೆ ಸುತ್ತಿಕೊಳ್ಳತೊಡಗಿದೆ.

ಆಗ ಒಳಬಾಗಿಲ ಮರೆಯಲ್ಲಿ ಕಾಲುಂಗುರ ಸದ್ದಾಯಿತು. ಹೊಸಿಲಿನಾಚೆಯಿಂದ ಒಂದು ಪಾದ ಮುಂದೆ ಬಂದು ಪಡಸಾಲೆಯ ಕಲ್ಲಿನ ಮೇಲೆ ನಿಂತಿತು. ಸೀರೆಯ ಅಂಚನ್ನು ಗೇಣುದ್ದ ಮೇಲೆತ್ತಿದ ಕೈ. ಹರಡಿನ ಸುತ್ತ ಮೂರು ಹಳೆಯ ಕಲೆ, ಒಂದು ಹಸಿ ಹುಣ್ಣು, ಅದರಲ್ಲಿ ಬಿದಿರ ಸೀಳು.

“ಮಾವನೋರು ಸಿಟ್ಟಾಗಬಾರ್ದು” ಎಂದಿತು ದನಿ. “ನಂದೂ ಬರ್ಕೊಳ್ಳಾಕೆ ಹೇಳ್ರಿ. ಹೋದ ವರ್ಷ ಅವರು ಬಂದಾಗ್ಲೂ ಇತ್ತು. ಇದೇ ಕಾಲಾಗೆ ದಿನಾ ಬಾವಿಗೆ ಇಳೀತೀನಿ. ಈಗ ಮಗೀಗೂ ಬಂದೈತೆ, ಐದು ವರ್ಷದ್ದು. ನೆಂಟರೂರಿಗೆ ಹೋಗೈತೆ ಅಂತ ಕತ್ತಲ ಕೋಣ್ಯಾಗೆ ಮಲಗಿಸೀವಿ.”

ಗೌಡರು ನೆಲ ನೋಡುತ್ತ, “ಬರ್ಕೊಳ್ರಿ. ಹೆಸರು ಬ್ಯಾಡ” ಎಂದರು.

ಹೆಸರಿನ ಜಾಗದಲ್ಲಿ ‘ಒಂದು ಕಾಲು’ ಎಂದು ಬರೆಯುತ್ತಿದ್ದೆ.

“ಬಂಗಾರಮ್ಮ ಅಂತ ಬರೀರಿ” ಎಂದರು ಬಾಗಿಲ ಮರೆಯವರು.

ಸಂಜೆಯೊಳಗೆ ಇನ್ನೂ ಹದಿನೇಳು ಹೆಸರು. ಕೆಲವು ಮನೆಗಳಲ್ಲಿ ಬಂಗಾರಮ್ಮನವರೇ ಕುಂಟುತ್ತ ಒಳಗೆ ಹೋಗಿ ಕೇಳಿಕೊಂಡು ಬಂದರು.

೪ ಏಪ್ರಿಲ್

ಬೆಳಿಗ್ಗೆ ಹಳ್ಳದ ಹತ್ತಿರ ಕಲ್ಲುಮಣ್ಣಿನ ಮೂರು ಗಾಡಿ ಬಂದು ನಿಂತಿದ್ದವು. ಕೇರಿಗೆ ಬೇರೆ ಒಳ್ಳೆಯ ನೀರಿಲ್ಲ, ಮುಚ್ಚಬೇಕಾದದ್ದು ಮೆಟ್ಟಿಲುಗಳನ್ನು, ಒರತೆಯನ್ನಲ್ಲ ಎಂದು ಬರೆದು ಸಹಿ ಹಾಕಿ ಗಾಡಿಗಳನ್ನು ವಾಪಸು ಕಳಿಸಿದೆ. ಹೋದ ವರ್ಷದ ನನ್ನ ವರದಿ ತಪ್ಪು ಎಂದೂ ಅದರಲ್ಲೇ ಬರೆದೆ. ಹೊಸ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ‘ಕಾರಣ’ದ ಕಲಮಿನಲ್ಲಿ ಜಾಗ ಸಾಲದೆ ಹಾಳೆಯ ಹಿಂಬದಿಗೂ ಬರೆದೆ. ಸಾಹೇಬರು ಏನೆನ್ನುತ್ತಾರೋ ತಿಳಿಯದು. ಖಾಯಂ ಆದದ್ದು ನಾಲ್ಕು ದಿನವೇ ಆದರೆ ಅವ್ವನಿಗೆ ಏನು ಹೇಳಲಿ?

ಬಿಸಿಲು ವಿಪರೀತ. ಒರತೆಯ ಕಡೆ ನಡೆದೆ. ದುರುಗಮ್ಮ ದಡದಲ್ಲಿದ್ದರು, ಕೋಲು ಅಡ್ಡ ಹಿಡಿದರು.

“ಇಳೀಬ್ಯಾಡ್ರಿ ಸ್ವಾಮಿ. ನಿಮ್ಮ ಕಾಲಾಗೆ ನಾರೈತೆ, ನೀರು ಕೆಡ್ತೈತೆ. ಅಲ್ಲೇ ನಿಂದ್ರಿ.”

ನಿಂತೆ. ಬಾಯಾರಿಕೆ ಎಂದೆ. ಅವರು ಸೋರೆಬುರುಡೆ ತುಂಬಿ ನನ್ನ ಮುಖವನ್ನೊಮ್ಮೆ ನೋಡಿದರು, ದೂರದಲ್ಲಿ ನಿಂತಿದ್ದ ಅಂಜಿನಪ್ಪನನ್ನೊಮ್ಮೆ ನೋಡಿದರು. ನಾನು ಬಗ್ಗಿ ಬೊಗಸೆ ಒಡ್ಡಿದೆ, ಮೇಲಿನಿಂದ ಹೊಯ್ದರು. ಮೂರು ಬೊಗಸೆ ಕುಡಿದೆ.

ಸೋಸಲು ಬಟ್ಟೆ ಇರಲಿಲ್ಲ, ಕಾಲಿಗೆ ಕಟ್ಟಿತ್ತು. ನೀರು ತಣ್ಣಗಿತ್ತು.